ವಿಲ್ಫ್ ಕೇಳಿದ ಸ್ಕೋರು

ಬ್ರಯೊನಿ ಕ್ರಾಸ್ಲಿ ಮೊದಲ ಸಲ ಕಂಡಾಗ ವಿಲ್ಫ್ ಸಗ್ಡನ್ ಒಂದು ತಲೆಕೆಳಗಾದ ಬಕೆಟ್ಟಿನ ಮೇಲೆ ಕುಳಿತು, ಹಳೆಯ ಊಟದ ಚಾಕುವಿನಿಂದ ಬೂಟಿನ ಅಡಿಯ ಕೆಸರು ಕೆರೆಯುತ್ತಿದ್ದ. ಜನವರಿಯ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ. ಟೀವಿ ಕಂಪನಿಯಲ್ಲಿ ಅವಳಿಗದು ಮೊದಲ ವಾರ. ಹಾರ್ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಕೇಬಲ್ ಎಳೆಯುವವರ ಜೊತೆ ಬಂದಿದ್ದವಳು ದಾರಿ ತಪ್ಪಿ ಬೂಟಿನ ಕೋಣೆಯ ಬಾಗಿಲು ನೂಕಿದ್ದಳು. ಅವಳ ಶೂ ಪೂರ್ತಿ ನೆನೆದು ಹೆಜ್ಜೆಹೆಜ್ಜೆಗೂ ಪಚಪಚ ಎನ್ನುತ್ತಿತ್ತು.

"ಅಲ್ಲೇ ನಿಲ್ಲು," ಎಂದ ಅವನು, ತಲೆ ಎತ್ತದೆ. "ಈಗಷ್ಟೇ ನೆಲ ಒರೆಸಿದೀನಿ."

ಎದ್ದು ಬಂದು, ಹಿಂದಿನ ದಿನದ ಪತ್ರಿಕೆಯ ಎರಡು ಹಾಳೆ ಅವಳ ಕಾಲ ಮುಂದೆ ಹಾಸಿದ. "ವೆಕ್ಸ್‌ಕೂಮ್ ಟೀಮಿನವರ ಫೋಟೋ ಇದೆಯಲ್ಲ, ಅದರ ಮೇಲೆ ಒರೆಸ್ಕೋ. ಅವರೇನೂ ಬೇಜಾರು ಮಾಡ್ಕೊಳ್ಳಲ್ಲ."

"ನಾನು ಟೀವಿಯವಳು," ಎಂದಳು ಬ್ರಯೊನಿ.

"ಅದು ಕಾಣ್ತಿದೆ ಬಿಡಮ್ಮಾ. ಹಿಮ ಬೀಳೋವಾಗ ಇಂಥ ಶೂ ಹಾಕ್ಕೊಂಡು ಬರೋರು ಇನ್ಯಾರು?"

ಗೋಡೆಯ ಗೂಡಿನಿಂದ ಒಂದು ಜೊತೆ ಉದ್ದನೆಯ ಕಾಲುಚೀಲ ತೆಗೆದು ಅವಳ ಕಡೆ ಎಸೆದ. ಗೋಲ್‌ಕೀಪರನದು, ಮೊಣಕಾಲು ದಾಟಿ ಬಂತು. ಮೂರು ಚಮಚ ಸಕ್ಕರೆ ಹಾಕಿದ ಚಹಾ ಕೊಟ್ಟು, ಅರ್ಧ ಹಂದಿಮಾಂಸದ ಪೈಯನ್ನು ಅದೇ ಚಾಕುವನ್ನು ಪ್ಯಾಂಟಿಗೆ ಒರೆಸಿ ಕತ್ತರಿಸಿಕೊಟ್ಟ. ಅವಳು ತಿಂದಳು. ಆಟಗಾರರ ಬಟ್ಟೆ ಒಗೆದು, ಬೂಟು ತಿಕ್ಕಿ, ಆಟದ ದಿನ ಬೆಂಚಿನ ತುದಿಯಲ್ಲಿ ಕೂರುವುದು ಅವನ ಕೆಲಸ. ಆಗಲೇ ಇಪ್ಪತ್ತೈದು ವರ್ಷವಾಗಿತ್ತು. ಯಾವ ಆಟಗಾರನ ಬೆವರಿಗೆ ಯಾವ ವಾಸನೆ ಎಂದು ಅವನು ಹೇಳಬಲ್ಲವನಾಗಿದ್ದ.

ಆಮೇಲಿನ ಆರು ವರ್ಷ ಹಾರ್ಬೆಕ್‌ನಲ್ಲಿ ಆಟ ಇದ್ದಾಗಲೆಲ್ಲ ಅವಳ ಚಹಾ ಆ ಕೋಣೆಯಲ್ಲೇ. ಅಷ್ಟರಲ್ಲಿ ಅವಳಿಗೆ ಮೈದಾನದ ಗೆರೆಯ ಪಕ್ಕ ನಿಲ್ಲುವ ಕೆಲಸ ಸಿಕ್ಕಿತ್ತು. ಎರಡೂ ಕಿವಿಗೆ ಹೆಡ್‌ಫೋನು, ಹೊರಗೆ ನಿಂತ ವ್ಯಾನಿನಿಂದ ಡಂಕನ್ ಎಂಬ ನಿರ್ದೇಶಕನ ದನಿ. ಆಟ ಶುರುವಾಗಲು ರೆಫರಿಗೆ ಕೈ ಮಾಡಬೇಕು, ಮುಗಿದ ಮೇಲೆ ಮ್ಯಾನೇಜರನ್ನು ಕ್ಯಾಮೆರಾ ಮುಂದೆ ತಂದು ನಿಲ್ಲಿಸಬೇಕು. ಆ ಕೆಲಸಕ್ಕೆ ಒಂದೇ ಕಟ್ಟುಪಾಡು. ಕಿವಿಗೆ ಬಿದ್ದದ್ದು ಬಾಯಿಂದ ಹೊರಗೆ ಬರಬಾರದು.

ಲೀಗಿನ ಕೊನೆಯ ದಿನ ಈ ಕಟ್ಟುಪಾಡು ಕಷ್ಟದ್ದು. ಅಂದು ಎಲ್ಲ ಊರುಗಳ ಆಟವೂ ಒಂದೇ ಗಳಿಗೆಗೆ ಶುರು. ಟೀವಿ ಒಂದು ಮೈದಾನದಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಮನೆಯಲ್ಲಿ ಕುಳಿತವನಿಗೆ ಎಲ್ಲವೂ ಗೊತ್ತು, ಮೈದಾನದಲ್ಲಿ ಓಡುವವನಿಗೆ ಏನೂ ಗೊತ್ತಿಲ್ಲ. ಆ ಮೇ ತಿಂಗಳ ಭಾನುವಾರ ಹಾರ್ಬೆಕ್ ಇಲ್ಲವೇ ವೆಕ್ಸ್‌ಕೂಮ್, ಎರಡರಲ್ಲಿ ಒಂದು ಕೆಳದರ್ಜೆಗೆ ಇಳಿಯಬೇಕಿತ್ತು. ವೆಕ್ಸ್‌ಕೂಮ್ ಗೆದ್ದರೆ ಹಾರ್ಬೆಕ್ ಕೂಡ ಗೆಲ್ಲಲೇಬೇಕು. ವೆಕ್ಸ್‌ಕೂಮ್ ಗೆಲ್ಲದಿದ್ದರೆ ಹಾರ್ಬೆಕ್‌ಗೆ ಡ್ರಾ ಸಾಕು.

ಎಂಬತ್ತಾರನೆಯ ನಿಮಿಷ. ಹಾರ್ಬೆಕ್‌ನಲ್ಲಿ ಒಂದಕ್ಕೆ ಒಂದು. ಅತ್ತ ತನ್ನ ಆಟದಲ್ಲಿ ವೆಕ್ಸ್‌ಕೂಮ್ ಒಂದು ಗೋಲಿನಿಂದ ಮುಂದೆ. ಇಪ್ಪತ್ತು ಸಾವಿರ ಜನ ಒಟ್ಟಿಗೆ ಫೋನು ತೆಗೆದದ್ದರಿಂದ ಯಾರಿಗೂ ಸಿಗ್ನಲ್ ಇಲ್ಲ. ವೆಕ್ಸ್‌ಕೂಮ್ ವಿರುದ್ಧ ಗೋಲು ಬಿತ್ತೆಂದು ಎರಡು ಸಲ ಗ್ಯಾಲರಿ ಕುಣಿದಿತ್ತು, ಎರಡು ಸಲವೂ ಸುಳ್ಳಾಗಿತ್ತು. ಮ್ಯಾನೇಜರ್ ಹೇಗ್ ಕೈ ಹಿಸುಕಿಕೊಳ್ಳುತ್ತ, "ಈ ಜನರ ಮಾತು ಕಟ್ಕೊಂಡು ನಾನೇನು ಮಾಡ್ಲಿ? ಯಾರಾದ್ರೂ ಸರಿಯಾಗಿ ಹೇಳ್ರೋ!" ಎಂದು ಬೆಂಚಿನ ಕಡೆ ಕೂಗಿದ.

ಅದೇ ಗಳಿಗೆಯಲ್ಲಿ ಬ್ರಯೊನಿಯ ಕಿವಿಯಲ್ಲಿ ಡಂಕನ್ ಕಿರುಚಿದ. "ಗೋಲ್! ವೆಕ್ಸ್‌ಕೂಮ್ ಮೇಲೆ ಬಿತ್ತು! ಒಂದೊಂದು!"

ಅವಳ ಮುಖ ಹೇಗಾಯಿತೋ, ವಿಲ್ಫ್ ನೋಡಿಬಿಟ್ಟ. ಬೆಂಚಿನಿಂದ ಎದ್ದು ಐದು ಹೆಜ್ಜೆ ಬಂದ.

"ಅಮ್ಮಾ, ನಿನ್ನ ಕೇಳ್ಬಾರದು ಅಂತ ಗೊತ್ತು. ಅಲ್ಲಿ ಎಷ್ಟು?"

ಅವನ ಮಾತು ಕೇಳಿಸಲೆಂದು ಅವಳು ಹೆಡ್‌ಫೋನನ್ನು ಕಿವಿಯಿಂದ ಕುತ್ತಿಗೆಗೆ ಇಳಿಸಿದಳು.

"ಒಂದೊಂದು," ಎಂದಳು. "ನೀವು ಉಳ್ಕೊಂಡ್ರಿ, ವಿಲ್ಫ್."

ಅವನು ಅವಳ ತೋಳನ್ನು ಗಟ್ಟಿಯಾಗಿ ಹಿಡಿದು ಬಿಟ್ಟು, ಹೇಗ್ ಕಡೆ ಓಡಿದ. ಹೆಡ್‌ಫೋನು ಮತ್ತೆ ಕಿವಿಗೆ ಏರಿದಾಗ ಡಂಕನ್ ಯಾವುದೋ ಜಾಹೀರಾತಿನ ಮಾತು ಆಡುತ್ತಿದ್ದ. ಆ ಏಳೆಂಟು ಸೆಕೆಂಡಿನಲ್ಲಿ ಅಲ್ಲಿ ಲೈನ್‌ಮನ್ ಬಾವುಟ ಎತ್ತಿದ್ದ. ಆಫ್‌ಸೈಡ್. ಗೋಲು ಗೋಲಾಗಿರಲಿಲ್ಲ.

ಹೇಗ್ ಎರಡೂ ಅಂಗೈ ಕೆಳಗೆ ಮಾಡಿ ಆಟಗಾರರಿಗೆ ನಿಧಾನ ಎಂದು ತೋರಿಸಿದ. ಹಾರ್ಬೆಕ್ ಚೆಂಡನ್ನು ಹಿಂದಕ್ಕೂ ಪಕ್ಕಕ್ಕೂ ಉರುಳಿಸತೊಡಗಿತು. ಗ್ಯಾಲರಿಗೆ ಹೇಗೋ ನಿಜ ತಲುಪಿತು. "ಇನ್ನೊಂದು ಹೊಡೀರೋ! ಇನ್ನೊಂದು ಬೇಕು!" ಎಂದು ಗಂಟಲು ಹರಿಯುವಂತೆ ಕೂಗಿತು. ಆದರೆ ಗ್ಯಾಲರಿ ಯಾವಾಗಲೂ ಕೂಗುವುದು ಅದನ್ನೇ. ಹೇಗ್ ತಿರುಗಿಯೂ ನೋಡಲಿಲ್ಲ.

ಆಟ ಮುಗಿಯಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದ್ದಾಗ ಡಂಕನ್‌ನ ದನಿ ಪಿಸುಮಾತಿಗಿಳಿಯಿತು. "ಅಯ್ಯೋ ದೇವರೇ. ಇವರಿಗೆ ಗೊತ್ತೇ ಇಲ್ಲ. ಉಳ್ಕೊಂಡ್ವಿ ಅಂತ ಅಂದ್ಕೊಂಡಿದಾರೆ. ಮೂರನೇ ಕ್ಯಾಮೆರಾ, ಬೆಂಚು ಬಿಟ್ಟು ಕದಲಬೇಡ. ಬ್ರಯೊನಿ, ನೀನು ಫ್ರೇಮಿನ ಅಂಚಲ್ಲಿದೀಯ. ಅಲ್ಲಾಡಬೇಡ. ಯಾರೂ ಬಾಯಿ ಬಿಡಬೇಡಿ."

ಆ ಗೋಲು ರದ್ದಾಗಿದೆ ಎಂದು ಅವಳಿಗೆ ಗೊತ್ತಾದದ್ದು ಆಗ. ಐದು ಹೆಜ್ಜೆ. ಕೂಗಿದರೂ ಸಾಕಿತ್ತು. ವಿಲ್ಫ್ ಬೆಂಚಿನಿಂದ ಅವಳ ಕಡೆ ತಿರುಗಿ, ನಗುತ್ತ, ಹೆಬ್ಬೆರಳು ಎತ್ತಿದ.

ಬ್ರಯೊನಿ ತಲೆಯಾಡಿಸಿದಳು. ಹೌದು ಎಂಬಂತೆ.

ರೆಫರಿ ಸೀಟಿ ಊದಿದ. ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಅಪ್ಪಿಕೊಂಡರು. ಗ್ಯಾಲರಿ ಮಾತ್ರ ಸುಮ್ಮನಿತ್ತು. ಆ ಮೌನ ಮೈದಾನದ ನಡುವಿಗೆ ತಲುಪಲು ಅರ್ಧ ನಿಮಿಷ ಹಿಡಿಯಿತು, ಆ ಅರ್ಧ ನಿಮಿಷವನ್ನು ಇಡೀ ದೇಶ ನೋಡಿತು. ಬೇಸಿಗೆಯುದ್ದಕ್ಕೂ ಟೀವಿ ಅದನ್ನೇ ತೋರಿಸಿತು. ಡಂಕನ್ ಆಫೀಸಿನಲ್ಲಿ ಎಲ್ಲರೆದುರು ಅವಳ ಬೆನ್ನು ತಟ್ಟಿ, "ಹುಡುಗಿ ರೆಪ್ಪೆ ಕೂಡ ಬಡೀಲಿಲ್ಲ, ಶಿಸ್ತು ಅಂದ್ರೆ ಇದು," ಎಂದ. ಸ್ಕೋರು ಹೇಳಿದ್ದು ಅವಳೇ ಎಂದು ಅವನಿಗೆ ಗೊತ್ತಿರಲಿಲ್ಲ.

ಗೊತ್ತಾಗದಂತೆ ನೋಡಿಕೊಂಡವನು ವಿಲ್ಫ್. ಸ್ಕೋರು ಯಾರು ಕೊಟ್ಟರೆಂದು ಕ್ಲಬ್ಬಿನವರು ಕೂರಿಸಿ ಕೇಳಿದಾಗ, "ಹಿಂದೆ ಯಾರೋ ಕೂಗಿದ್ರು, ನಾನು ನಂಬಿಬಿಟ್ಟೆ," ಎಂದಷ್ಟೇ ಹೇಳಿದ. ಜುಲೈನಲ್ಲಿ, ಕೆಳದರ್ಜೆಯ ಕ್ಲಬ್ಬಿಗೆ ಇಷ್ಟು ಜನ ಬೇಡವೆಂದು ಅವನನ್ನು ಮನೆಗೆ ಕಳಿಸಿದರು. ಮೂವತ್ತೊಂದು ವರ್ಷದ ಕೆಲಸ. ಪೈ ಅಂಗಡಿಯ ಸಾಲಿನಲ್ಲಿ ಜನ, "ವಿಲ್ಫ್, ಗಂಟೆ ಎಷ್ಟಾಯ್ತು? ಬೇಡ ಬಿಡು ಮಾರಾಯ, ನಿನ್ನ ಕೇಳಿದ್ರೆ ನಾನೂ ಕೆಳಗಿಳೀತೀನಿ," ಎನ್ನುತ್ತಿದ್ದರಂತೆ. ಇದೆಲ್ಲ ಬ್ರಯೊನಿಯ ಕಿವಿಗೆ ಬೇರೆಯವರಿಂದ ಬಿತ್ತು. ಫೋನು ಕೈಗೆತ್ತಿಕೊಂಡು ಎಷ್ಟು ಸಲ ಕೆಳಗಿಟ್ಟಳೋ ಅವಳಿಗೇ ಲೆಕ್ಕವಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕಾರು ತೆಗೆದುಕೊಂಡು ಹೋದಳು. ವಿಲ್ಫ್ ಮನೆಯ ಹಿತ್ತಲಲ್ಲಿ ಲೀಕ್ ಎಂಬ ಈರುಳ್ಳಿ ಜಾತಿಯ ಗಿಡಗಳ ಬುಡಕ್ಕೆ ಮಣ್ಣು ಏರಿಸುತ್ತಿದ್ದ.

"ವಿಲ್ಫ್, ಒಂದು ವಿಷಯ ಹೇಳ್ಬೇಕು."

"ಸ್ಕೋರ್ ಆಗಿದ್ರೆ ಬೇಡಮ್ಮಾ."

ಅವಳಿಗೆ ನಗಲಾಗಲಿಲ್ಲ. "ನೀವು ನನ್ನ ಹೆಸರು ಹೇಳಲಿಲ್ಲ."

"ಕೇಳಿದ್ದು ನಾನು. ಕೇಳ್ಬಾರದು ಅಂತ ಗೊತ್ತಿದ್ದೂ ಕೇಳ್ದೆ. ನಿಂಗೆ ಕೆಲಸ ಹೋದ್ರೆ ನನ್ನ ಕೆಲಸ ವಾಪಸ್ ಬರ್ತಿತ್ತಾ? ಅದು ಮುಗೀತು. ಒಳಗೆ ಬಾ, ಚಹಾ ಇಡ್ತೀನಿ."

"ಅದಲ್ಲ. ಗೋಲು ಇಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು. ಆಟ ಮುಗಿಯೋಕೆ ಮುಂಚೇನೇ."

ವಿಲ್ಫ್ ಸಲಿಕೆಯನ್ನು ಮಣ್ಣಿಗೆ ಊರಿ ನಿಂತ. "ಎಷ್ಟು ಮುಂಚೆ?"

"ಎರಡು ನಿಮಿಷ. ಸ್ವಲ್ಪ ಜಾಸ್ತೀನೇ. ಕದಲಬೇಡ ಅಂದ್ರು. ನಾನು ಕದಲಲಿಲ್ಲ."

ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದರು.

"ಆಗ ನಮ್ಮ ಟೀಮಿನ ಹುಡುಗನ ಕಾಲಲ್ಲೇ ಇತ್ತು ಚೆಂಡು," ಎಂದ ವಿಲ್ಫ್. "ಮೂಲೇಲಿ. ಗೋಲಿನ ಮುಂದಕ್ಕೆ ಹಾಕಬಹುದಿತ್ತು, ಹಿಂದಕ್ಕೆ ಕೊಟ್ಟ. ನಾನು ನಿನ್ನ ಕಡೆ ನೋಡ್ದೆ. ನೀನು ತಲೆಯಾಡಿಸ್ದೆ."

"ಹೌದು."

"ಇದನ್ನ ಯಾಕೆ ಹೇಳ್ದೆ ನಂಗೆ?"

"ಹೊತ್ಕೊಂಡಿರೋಕೆ ಆಗಲಿಲ್ಲ."

"ಹಾಗಾದ್ರೆ ಇನ್ನು ನಾನು ಹೊತ್ಕೊಬೇಕು," ಎಂದ ವಿಲ್ಫ್. ದನಿ ಏರಿಸಲಿಲ್ಲ.

ಕ್ಲಬ್ಬಿಗೂ ಕಂಪನಿಗೂ ಎಲ್ಲವನ್ನೂ ಬರೆದು ತಿಳಿಸುತ್ತೇನೆ ಎಂದಳು ಬ್ರಯೊನಿ. "ಬರಿ. ಬರೀಬೇಕಾದ್ದೇ," ಎಂದು ಅವನು ಸಲಿಕೆ ಎತ್ತಿಕೊಂಡ. ಚಹಾದ ಮಾತು ಮತ್ತೆ ಬರಲಿಲ್ಲ.

ಅವಳು ಬರೆದಳು. ಕಂಪನಿ ಅವಳನ್ನು ಗೆರೆಯ ಪಕ್ಕದಿಂದ ತೆಗೆದು ಹಳೆಯ ಟೇಪುಗಳ ಕೋಣೆಗೆ ಹಾಕಿತು. ಆ ಅರ್ಧ ನಿಮಿಷವನ್ನು ಯಾರಾದರೂ ಕೇಳಿದಾಗ ಹುಡುಕಿ ಕಳಿಸಬೇಕಾದವಳು ಈಗ ಅವಳೇ. ಕ್ಲಬ್ಬು ವಿಲ್ಫ್‌ನನ್ನು ವಾಪಸ್ ಕರೆಯಿತು, ಅವನು ಹೋಗಲಿಲ್ಲ. ಬ್ರಯೊನಿ ಕ್ರಿಸ್‌ಮಸ್‌ಗೆ ಕಳಿಸುವ ಕಾರ್ಡಿಗೆ ಪ್ರತಿ ವರ್ಷ ಉತ್ತರ ಬರುತ್ತದೆ, ಹೆಸರು ಮಾತ್ರ ಇರುತ್ತದೆ.

ವಿಲ್ಫ್ ಸಗ್ಡನ್‌ಗೆ ಈಗ ಅರವತ್ತೆಂಟು. ಹಾರ್ಬೆಕ್‌ನ ಪ್ರಾಥಮಿಕ ಶಾಲೆಯ ಮುಂದೆ, ಬೆಳಗ್ಗೆ ಎಂಟೂವರೆಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ಮಕ್ಕಳನ್ನು ರಸ್ತೆ ದಾಟಿಸುತ್ತಾನೆ.