ಬೆಟ್ಟಕ್ಕೆ ಕೊಟ್ಟ ಮುಡಿ

ಸತ್ತವರ ರಕ್ತ, ಮೂತ್ರ, ಯಕೃತ್ತಿನ ತುಂಡುಗಳಲ್ಲಿ ಏನು ಸೇರಿತ್ತೆಂದು ಹುಡುಕುವುದು ನನ್ನ ಕೆಲಸ. ಮೈಸೂರಿನ ಲ್ಯಾಬ್‌ನಲ್ಲಿ ಇಷ್ಟು ವರ್ಷ ಅದನ್ನೇ ಮಾಡಿದ್ದರೂ ಕೊಳ್ಳೇಗಾಲದ ನಮ್ಮ ಬೀದಿಯವರಿಗೆ ನಾನು ‘ರಕ್ತ ನೋಡೋಳು’, ಅಷ್ಟೆ. ಸಕ್ಕರೆ ಎಷ್ಟದೆ ನೋಡವ್ವ ಅಂತ ಬೆರಳು ಚಾಚುತ್ತಾರೆ!

ಚಿಕ್ಕಮ್ಮನ ಮಗ ಸತ್ತಾಗ ಅವನ ರಕ್ತ, ಮೂತ್ರದ ಬಾಟಲಿಗಳೂ ನಮ್ಮಲ್ಲಿಗೇ ಬಂದವು. ನೆಂಟನ ಸ್ಯಾಂಪಲ್ ನಾನು ಮುಟ್ಟುವಂತಿಲ್ಲ, ಜೊತೆಯವರು ನೋಡಿದರು. ಟ್ರಮಡಾಲ್. ಗುಂಡಿಮಗ್ಗದಲ್ಲಿ ಕೂತು ಕೂತು ಸೊಂಟ ಹಿಡಿದವನು ಹನೂರಿನ ಯಾವುದೋ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆ. ಕಾರ್ಖಾನೆಯಲ್ಲಿ ಹುಟ್ಟಿದ ಅಫೀಮಿನ ದಾಯಾದಿ. ಮೂತ್ರದಲ್ಲಿ ಅದೂ ಇತ್ತು, ಯಕೃತ್ತು ಅದನ್ನು ಮುರಿದು ಮಾಡಿದ ಚೂರೂ ಇತ್ತು. ಆ ಚೂರು ಸಿಕ್ಕರೆ ಮಾತ್ರೆ ಮೈಯೊಳಗೆ ಹಾದುಹೋಗಿದೆ ಎಂದೇ ಅರ್ಥ.

ಆದರೆ ಕೂದಲು ಬಂದಿರಲಿಲ್ಲ. ಕೂದಲು ಬೆಳೆಯುತ್ತ ಆಯಾ ತಿಂಗಳ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಗ್ಗದ ಉದ್ದಕ್ಕೂ ಎಳೆದ ಹಾಸಿನ ನೂಲಿಗೆ ಅಲ್ಲಲ್ಲಿ ಬಣ್ಣ ಹತ್ತಿದಂತೆ. ಯಾವಾಗ ತಿಂದ, ಯಾವಾಗ ಬಿಟ್ಟ ಎಂಬುದೆಲ್ಲ ತಿಳಿಯುತ್ತಿತ್ತು. ಹೆಣ ಕೊಯ್ದವರಿಗೆ ಒಂದು ಚಿಟಿಕೆ ಕೂದಲು ತೆಗೆದಿಡಲು ಏನಾಗಿತ್ತು ಎಂದು ನನಗೆ ಸಿಟ್ಟು.

ವರದಿ ಪೊಲೀಸರ ಕೈಸೇರಿದ ಮೇಲೆ ಊರಿಗೆ ಹೋದೆ. ಬೀದಿ ಆಗಲೇ ತೀರ್ಪು ಕೊಟ್ಟಾಗಿತ್ತು: ಬೇಕಂತಲೇ ನುಂಗಿದ. ಇವರ ನಾಲಿಗೆಗೆ ಬರೆ ಹಾಕಬೇಕು! ಚಿಕ್ಕಮ್ಮ ತಲೆತುಂಬ ಸೆರಗು ಹೊದ್ದು ಮಗ್ಗದ ಪಕ್ಕ ಕೂತಿದ್ದಳು.

“ನೀನಾರ ನಿಜ ಯೋಳವ್ವ. ನನ್ ಮಗ ಸಾಯ್ಬೇಕು ಅಂತ್ಲೇ ತಿಂದ್ನಾ?”

“ರಕ್ತದಲ್ಲಿ ಎಷ್ಟಿತ್ತು ಅಂತ ಅಷ್ಟೇ ಗೊತ್ತಾಗೋದು ಚಿಕ್ಕಮ್ಮ. ಕೂದ್ಲೇನಾರ ಇದ್ದಿದ್ರೆ...”

“ಕೂದ್ಲಾ? ಬೆಟ್ಟುಕ್ ಓಗಿ ಮುಡಿ ಕೊಟ್ವಲ್ಲವ್ವ, ಅವ್ನೂ ನಾನೂ. ಮಾತ್ರೆ ಬುಡ್ಸು ಮಾದಪ್ಪ ಅಂತ ಅರ್ಕೆ ಮಾಡ್ಕಂಡಿದ್ದೆ. ಬುಟ್ಟೂ ಬುಟ್ಟಿದ್ದ ಕಣವ್ವ, ವಾರಗಟ್ಲೆ ಒಂದೂ ಮುಟ್ನಿಲ್ಲ. ಆಮೇಲೆ ಸೀರೆ ಬೇಗ ಮುಗ್ಸಬೇಕು ಅಂತ ಕೂತ, ಸೊಂಟ ಇಡ್ಕತು. ಮೊದ್ಲು ತಿಂತಿದ್ದಷ್ಟೇ ತಕಂಡ. ನಾನೇ ನೀರ್ ಕೊಟ್ಟೆ.”

ನನಗೆ ಇನ್ನು ಕೂದಲು ಬೇಕಿರಲಿಲ್ಲ. ಮಾತ್ರೆ ಬಿಟ್ಟ ಮೈಗೆ ಹಳೆಯ ಅಳತೆ ತಡೆಯುವುದಿಲ್ಲ. ದಿನವೂ ತಿನ್ನುತ್ತಿದ್ದಾಗ ನೋವನ್ನಷ್ಟೇ ತೆಗೆಯುತ್ತಿದ್ದದ್ದು ಈಗ ಉಸಿರನ್ನೇ ತೆಗೆಯುತ್ತದೆ.

“ಬೇಕಂತ ಸತ್ತಿಲ್ಲ ಚಿಕ್ಕಮ್ಮ, ನಿನ್ನಾಣೆ,” ಎಂದೆ.

ಅವಳು ಗೋಳೋ ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ. ಅತ್ತು ಮೂಗು ಒರೆಸಿಕೊಂಡು ಕೇಳಿದಳು: “ಅಂಗಾರೆ ದಿನಾ ತಿಂತಿದ್ದಾಗ ಏನೂ ಆಗ್ನಿಲ್ಲ. ಬುಟ್ಮೇಲೆ ಯಾಕವ್ವ ಓದ?”

ಕೋರ್ಟಿನಲ್ಲಿ ಯಾರು ಕೇಳಿದ್ದರೂ ತಡವರಿಸದೆ ಹೇಳುತ್ತಿದ್ದೆ.

“ಗೊತ್ತಿಲ್ಲ ಚಿಕ್ಕಮ್ಮ.”

ಅವಳ ಸೆರಗು ಜಾರಿತ್ತು. ತಲೆಯ ಮೇಲೆ ಮೊಳೆತಿದ್ದ ಕೂದಲನ್ನು ಸವರಿಕೊಂಡಳು.

“ಅವ್ನಿಗೆ ಇಷ್ಟೂ ಬಂದಿರ್ನಿಲ್ಲ,” ಎಂದಳು.