ದ್ವೀಪಕ್ಕೆ ಕಟ್ಟಿದ ಬುತ್ತಿ

ಮೊನ್ನೆ ಇಳಕಲ್ಲಿಗೆ ಹೋಗಲು ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಮಡಿಲಲ್ಲಿ ಬುತ್ತಿಗಂಟು ಬಿಚ್ಚಿದಳು. ಸಜ್ಜೆಯ ಕಟಕ ರೊಟ್ಟಿ ಮುರಿದು, ಮೇಲೆ ಗುರೆಳ್ಳು ಚಟ್ನಿ ಉದುರಿಸಿ, "ತಗೋರಿ ಅಕ್ಕಾರ" ಎಂದು ಒಂದು ಚೂರನ್ನು ನನ್ನತ್ತ ಚಾಚಿದಳು. ಹುರಿದ ಗುರೆಳ್ಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಒಲ್ಲೆ ಎಂದು ಎದ್ದುಹೋಗಿ ದೂರದ ಕಂಬಕ್ಕೆ ಒರಗಿ ನಿಂತೆ. ಪಾಪ, ಆಕೆಗೆ ಬೇಸರವಾಗಿರಬೇಕು. ಆದರೆ ಆ ವಾಸನೆಯ ಹಿಂದೆ ಉಪ್ಪುಗಾಳಿಯೂ ಬಂದುಬಿಡುತ್ತದೆ. ಗಾಳಿಯ ಜೊತೆಗೆ ನಮ್ಮ ಪಕ್ಕದ ಮನೆಯ ವೈನಿಯೂ...

ನಾವು ನವನಗರಕ್ಕೆ ಬಂದಾಗ ಅವರು ಅಲ್ಲಿ ಬಹಳ ಹಳಬರು. ಹಳೇ ಬಾಗಲಕೋಟೆಯ ಅವರ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅವರ ಯಜಮಾನರು ಭೂಗೋಳ ಕಲಿಸುತ್ತಿದ್ದ ನಿವೃತ್ತ ಮಾಸ್ತರರು. ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿದ್ದವು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಅವರನ್ನು ಎಬ್ಬಿಸುವುದು, ಕೂರಿಸುವುದು, ಉಣಿಸುವುದು ಎಲ್ಲ ವೈನಿಯದೇ. ಇಳಕಲ್ಲ ತವರಿನ ಗಟ್ಟಿಮುಟ್ಟಾದ ಹೆಂಗಸು. ಎಷ್ಟೋ ವರ್ಷಗಳಿಂದ ಒಂದು ರಾತ್ರಿಯೂ ಮನೆ ಬಿಟ್ಟು ಹೊರಗೆ ಮಲಗಿದವರಲ್ಲ.

ನಮ್ಮ ಒಬ್ಬಳೇ ಮಗಳ ಮದುವೆಯಾಗಿ ಮನೆ ಬರಿದಾಗಿತ್ತು. ನಾನು ಕಲಿಸುವ ಸಾಲೆಗೆ ರಜೆ ಇದ್ದಾಗ ಎಲ್ಲಿಗಾದರೂ ಹೋಗಿಬರೋಣ ಎಂದು ನಮ್ಮವರು ಅಂಡಮಾನದ ಮಾತು ತೆಗೆದರು. ಪೋರ್ಟ್ ಬ್ಲೇರ್‌ನಿಂದ ಹಡಗಿನಲ್ಲಿ ಹೋಗಬೇಕಾದ ಒಂದು ಸಣ್ಣ ದ್ವೀಪ, ಅಲ್ಲಿ ಮೂರು ದಿನ. ನನಗೆ ಖುಷಿಯಾಗುವ ಬದಲು ದಿಗಿಲಾಯಿತು. ಮಗಳು ಹೋದ ಮೇಲೆ ನಮ್ಮಿಬ್ಬರ ನಡುವೆ ಮಾತೇ ಕಡಿಮೆಯಾಗಿತ್ತು. ನೀರು ಸುತ್ತುವರಿದ ಊರಿನಲ್ಲಿ ನಾವಿಬ್ಬರೇ ಮುಖ ಮುಖ ನೋಡಿಕೊಂಡು ಕೂರುವುದು ಹೇಗೆ? ವೈನಿಯನ್ನು ಕರೆದೊಯ್ಯುವ ಯೋಚನೆ ಹೊಳೆದದ್ದು ಆಗ. ಅವರಿಗೊಂದು ಬಿಡುವು ಸಿಗಲಿ ಎಂದು ಎಲ್ಲರ ಮುಂದೆ ಹೇಳಿದೆ. ಬೇಕಾಗಿದ್ದದ್ದು ನನಗೆ.

"ಅವರನ್ನ ಬಿಟ್ಟು ನಾ ಹೆಂಗ ಬರ್ಲಿ ತಂಗಿ? ಹುಚ್ಚಿ ಇದ್ದೀಯೇನು?" ಎಂದು ವೈನಿ ಮೊದಲ ದಿನ ಬೈದರು. ನಾನು ಬಿಡಲಿಲ್ಲ. ದಿನವೂ ಸಾಲೆಯಿಂದ ಬಂದವಳೇ ಅವರ ಮನೆಗೆ ಹೋಗಿ ಅದೇ ಮಾತು ತೆಗೆಯುತ್ತಿದ್ದೆ. ಕೊನೆಗೆ ನನ್ನ ಪರವಾಗಿ ಮಾತಾಡಿದವರು ಮಾಸ್ತರರೇ. ಮಂಚದ ಮೇಲಿಂದ ತೊದಲುತ್ತ, "ನಮ್ಮ ಊರು ನೀರಾಗ ಹೋತು. ನೀರಾಗಿಂದ ಎದ್ದ ಊರು ಹೆಂಗಿರತೈತಿ, ನೋಡ್ಕೊಂಡು ಬಾ. ಹುಡುಗರಿಗೆ ನಕಾಶದಾಗ ತೋರಿಸಿ ತೋರಿಸಿ ನನ್ನ ಬೆರಳು ಸವದಾವ. ಒಬ್ಬರರ ಹೋಗಿ ಬರ್ರಿ" ಎಂದರು. ಹುನಗುಂದಕ್ಕೆ ಕೊಟ್ಟಿದ್ದ ಅವರ ಮಗಳು ಬಂದು ಅಪ್ಪನನ್ನು ನೋಡಿಕೊಳ್ಳಲು ಒಪ್ಪಿದಳು. ವೈನಿಗೆ ಇನ್ನು ನೆವ ಉಳಿಯಲಿಲ್ಲ.

ಒಮ್ಮೆ ಒಪ್ಪಿದ ಮೇಲೆ ಆಕೆಯನ್ನು ಹಿಡಿಯುವವರೇ ಇಲ್ಲ. ಸಂಜೆಯಾದರೆ ಮಾಸ್ತರರ ಮಂಚದ ಸುತ್ತ ನಮ್ಮ ಸಭೆ. ವೈನಿಗೆ ಊಟದ್ದೇ ಚಿಂತೆ.

"ಅಲ್ಲೆ ಬರೇ ಮೀನ ಅಂತಲ್ಲ. ನಾವು ಏನು ಉಣ್ಣೂದು?"

"ಅನ್ನ, ಬ್ಯಾಳಿ ಸಿಗತೈತ್ರಿ ವೈನಿ. ಎಳನೀರು ಬೇಕಾದಷ್ಟು."

"ಎಳನೀರು ಕುಡದು ಹೊಟ್ಟಿ ತುಂಬತೈತೇನು?"

ಹೋಗುವ ದಾರಿಗೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಎಂದು ನಿರ್ಧಾರವಾಯಿತು. ಮೊದಲ ದಿನ ದಣಿದಿರುತ್ತೇವೆ, ಅನ್ನಕ್ಕೆ ಮೊಸರು ಸಿಕ್ಕರೆ ಸಾಕು. ಎರಡನೆಯ ದಿನ ಬೆಳಿಗ್ಗೆ ಹಾಲು ಕಾಸಿಸಿಕೊಂಡು ಮಾದಲಿ. ಮಾದಲಿಯ ಸಿಹಿ ಪುಡಿ ಕೆಡುವುದಿಲ್ಲ, ಹಾಲು ಸುರಿದುಕೊಂಡರೆ ಆಯಿತು. ಕೊನೆಯ ದಿನ ಸಂಜೆ ಸಮುದ್ರದ ದಂಡೆಯಲ್ಲಿ ಕುಳಿತು ಶೇಂಗಾ ಹೋಳಿಗೆ ತಿನ್ನಬೇಕು. ಅದಂತೂ ಆಕೆಯ ಹಟ. ಉಪ್ಪಿನಕಾಯಿ ವಿಮಾನದಲ್ಲಿ ಸೋರೀತು ಎಂದು ನಮ್ಮವರು ಹೆದರಿಸಿದ್ದಕ್ಕೆ, "ಹಂಗಾರ ನಿಮಗ ಹೋಳಿಗಿ ಇಲ್ಲ" ಎಂದು ನಗಿಸಿದರು.

ಏನೇನು ನೋಡಬೇಕು, ಯಾವಾಗ ನೋಡಬೇಕು ಎಂಬುದು ಮಾಸ್ತರರ ಪಾಲು. "ಅಲ್ಲೆ ಹೊತ್ತು ಲಗೂ ಹುಟ್ಟತೈತಿ, ಲಗೂ ಮುಣಗತೈತಿ. ಇಲ್ಲೀಗತೆ ತಡಾ ಮಾಡಿ ಉಣ್ಣಾಕ ಕುಂತ್ರ ಕತ್ತಲಾಗಿರತೈತಿ" ಎಂದು ಎಚ್ಚರಿಸಿದರು. ಅದಕ್ಕಾಗಿ ಊಟದ ವೇಳೆಯನ್ನೆಲ್ಲ ಮುಂಚೆಗೆ ತಂದೆವು. ತಳಕ್ಕೆ ಗಾಜು ಕೂರಿಸಿದ ದೋಣಿಯಲ್ಲಿ ಹವಳ ನೋಡುವುದು ಎರಡನೆಯ ದಿನಕ್ಕೆ, ಕೊನೆಯ ದಿನ ಎಲ್ಲಿಯೂ ಓಡಾಡದೆ ಬರೀ ದಂಡೆ. "ನಾ ಮಾತ್ರ ನೀರಿಗೆ ಕಾಲ ಇಡೂದಿಲ್ಲ. ನೀರು ನನ್ನ ಮನಿ ನುಂಗೈತಿ. ದೂರ ಕುಂತು ನೋಡ್ತೇನಿ" ಎಂದು ವೈನಿ ಆಗಲೇ ಸಾರಿಬಿಟ್ಟಿದ್ದರು. ಆ ಸಂಜೆಗಳಲ್ಲಿ ಮಾಸ್ತರರ ಮುಖ ಎಷ್ಟು ಅರಳಿರುತ್ತಿತ್ತೆಂದರೆ, ಹೊರಟವರು ಅವರೇ ಏನೋ ಎನಿಸುತ್ತಿತ್ತು... ಹೊರಡುವ ದಿನ ಎಡಗೈ ಎತ್ತಿ, "ಅವಸರ ಮಾಡಬ್ಯಾಡ್ರಿ, ಸಾವಕಾಶ ನೋಡಿ ಬರ್ರಿ" ಎಂದರು. ವೈನಿ ಅವರ ಹಣೆಗೆ ವಿಭೂತಿ ಹಚ್ಚಿ, ಮಗಳಿಗೆ ಮತ್ತೊಮ್ಮೆ ಔಷಧಿಯ ವೇಳೆ ಹೇಳಿ, ತಿರುಗಿ ನೋಡದೆ ಆಟೋ ಹತ್ತಿದರು.

ದ್ವೀಪದಲ್ಲಿ ಫೋನು ಸರಿಯಾಗಿ ಸಿಗುತ್ತಿರಲಿಲ್ಲ. ಹಡಗುಕಟ್ಟೆಯ ಹತ್ತಿರದ ಚಹದಂಗಡಿಯ ಮುಂದೆ ನಿಂತರೆ ಮಾತ್ರ ಆಗೊಮ್ಮೆ ಈಗೊಮ್ಮೆ ತಾಗುತ್ತಿತ್ತು. ಮೊದಲೆರಡು ದಿನ ವೈನಿ ಅಲ್ಲಿಗೆ ಹೋಗಿ ಮಾಸ್ತರರ ಜೊತೆ ಮಾತಾಡಿ ಬಂದರು. ಅವರು ಹವಳದ ಬಣ್ಣ ಕೇಳಿದರಂತೆ. ಇವರಿಗೆ ಹೇಳಲು ಬರಲಿಲ್ಲವಂತೆ. "ಬಂದು ಹೇಳ್ತೇನಂತ ಅಂದೇನಿ" ಎಂದರು.

ಕೊನೆಯ ದಿನ ಮಧ್ಯಾಹ್ನ ಆಕೆ ನೀರಿಗಿಳಿದರು. ಯಾರೂ ಒತ್ತಾಯಿಸಲಿಲ್ಲ. ದಂಡೆಯಲ್ಲಿ ಕುಳಿತಿದ್ದವರ ಪಾದಕ್ಕೆ ತೆರೆ ಬಂದು ತಾಗಿತು, ಎದ್ದು ನಾಲ್ಕು ಹೆಜ್ಜೆ ನಡೆದರು. ಇನ್ನೊಂದು ತೆರೆ ಬಂತು, ಇನ್ನೂ ಮುಂದೆ ಹೋದರು. ಇಳಕಲ್ಲ ಸೀರೆಯ ಕೆಂಪು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೆರೆ ಬಂದಾಗಲೆಲ್ಲ ಹುಡುಗಿಯ ಹಾಗೆ ಕೂಗುತ್ತ ಮೇಲಕ್ಕೆ ಜಿಗಿಯುತ್ತಿದ್ದರು. ಅಷ್ಟು ದೊಡ್ಡ ನಗು ಅವರೊಳಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. "ಬಾರ ತಂಗಿ, ನೀರು ಬೆಚ್ಚಗದಾವ!" ಎಂದು ಕರೆದರು. ನನಗೆ ಸಮುದ್ರದ ಭಯ. ಒಲ್ಲೆ ಎಂದೆ. ಎಲ್ಲರಿಗೂ ಚಹ ತರುತ್ತೇನೆ ಎಂದು ಅಂಗಡಿಯ ಕಡೆಗೆ ಹೊರಟೆ. ನಮ್ಮವರು ಮೊದಲೇ ಅಲ್ಲಿಗೆ ಹೋಗಿದ್ದರು.

ನಾನು ಮುಟ್ಟುವ ಹೊತ್ತಿಗೆ ಅವರು ಫೋನು ಕೆಳಗಿಳಿಸುತ್ತಿದ್ದರು. ಮುಖ ಬೂದಿಯಾಗಿತ್ತು.

"ಮಾಸ್ತರ ಹೋದ್ರಂತ. ಮಧ್ಯಾಹ್ನ ಉಂಡು ಮಲಗಿದವ್ರು ಏಳಲಿಲ್ಲಂತ. ಅವರ ಮಗಳು ಈಗ ಫೋನ ಮಾಡಿ ಅಳಾಕ ಹತ್ಯಾಳ."

 ಮರಳುವ ಹಡಗು ಇದ್ದದ್ದು ಮರುದಿನ ಬೆಳಿಗ್ಗೆ. ಅಂಗಡಿಯವನನ್ನು ಕೇಳಿದೆವು, ಹಡಗುಕಟ್ಟೆಯಲ್ಲಿ ಕೇಳಿದೆವು. ಬೇರೆ ದಾರಿ ಇರಲಿಲ್ಲ. ನಮ್ಮವರು ದಂಡೆಯತ್ತ ಹೊರಟರು. ನಾನು ಅವರ ತೋಳು ಹಿಡಿದೆ.

"ಈಗ ಹೇಳಬ್ಯಾಡ್ರಿ. ನೀರಾಗಿಂದ ಬರ್ಲಿ, ಒಂದಿಷ್ಟು ಹೊಟ್ಟಿಗೆ ಬೀಳ್ಲಿ. ಆಮ್ಯಾಲ ನಾ ಹೇಳ್ತೇನಿ."

"ಇದು ಬರೋಬರಿ ಅಲ್ಲ" ಎಂದರು ಅವರು. "ಗಂಡ ಹೋದದ್ದು ಹೇಂತಿಗೆ ಗೊತ್ತಾಗಬೇಕು."

"ಗೊತ್ತಾದ್ರ ಏನ್ ಮಾಡ್ತಾರ? ಈಜಿ ಊರಿಗೆ ಹೊಕ್ಕಾರೇನು?"

ಆ ಮಾತು ಹೇಗೆ ನನ್ನ ಬಾಯಿಂದ ಬಂತೋ.  ನಮ್ಮವರು ಅಲ್ಲಿಯೇ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟರು.

ನಾನು ದಂಡೆಗೆ ಮರಳಿದೆ. ವೈನಿ ಇನ್ನೂ ನೀರಿನಲ್ಲಿದ್ದರು. ನನ್ನನ್ನು ನೋಡಿ ಕೈ ಬೀಸಿದರು. ದಂಡೆಯಲ್ಲಿ ನಿಂತು ಅವರ ಮುಖ ನೋಡುವುದು ನನ್ನಿಂದ ಆಗಲಿಲ್ಲ. ಸೀರೆಯಲ್ಲಿಯೇ ನೀರಿಗಿಳಿದು ಅವರ ಕೈ ಹಿಡಿದು ಪಕ್ಕದಲ್ಲಿ ನಿಂತೆ. ಒಂದು ತೆರೆ ಬಂತು, ಇಬ್ಬರೂ ಜಿಗಿದೆವು. ಅವರು ನಕ್ಕರು. ನಾನೂ ನಕ್ಕೆ. ಶಿರೂರಿನಿಂದ ಮಾಸ್ತರರ ದಾಯಾದಿಗಳು ಬಂದು ಆ ಮನೆಯ ಮುಂದೆ ಸೇರುತ್ತಿದ್ದ ಹೊತ್ತಿನಲ್ಲಿ, ನಾನು ಆ ಮನೆಯ ಯಜಮಾನಿಯ ಕೈ ಹಿಡಿದು ಸಮುದ್ರದಲ್ಲಿ ನಗುತ್ತಿದ್ದೆ.

ಮಾಸ್ತರರು ಹೇಳಿದಂತೆ ಹೊತ್ತು ಬೇಗ ಇಳಿಯಿತು. ವೈನಿ ಮೇಲೆ ಬಂದು, ಸೀರೆ ಹಿಂಡಿಕೊಂಡು, ಮರಳಿನ ಮೇಲೆ ಕುಳಿತು ಡಬ್ಬಿ ಬಿಚ್ಚಿದರು. ನನ್ನ ಕೈಗೊಂದು ಹೋಳಿಗೆ ಕೊಟ್ಟು ತಾವೊಂದು ತಿಂದರು. ನಾನು ಒಂದು ತುಣುಕು ಬಾಯಿಗಿಟ್ಟುಕೊಂಡು ಹಾಗೆಯೇ ಕುಳಿತಿದ್ದೆ. ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ. ಅವರು ಕೈ ತೊಳೆದುಕೊಂಡ ಮೇಲೆ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ... ವೈನಿ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, "ನಡಿ" ಎಂದರು.

ಎಷ್ಟು ಅವಸರ ಮಾಡಿದರೂ ಮಣ್ಣು ಮಾಡುವ ಹೊತ್ತಿಗೆ ಊರು ಮುಟ್ಟಲಾಗಲಿಲ್ಲ. ದೇಹ ಇಟ್ಟುಕೊಂಡು ಕೂರುವ ಹಾಗಿಲ್ಲ ಎಂದು ಹಿರಿಯರು ಶಿರೂರಿನ ಅವರ ಹೊಲದಲ್ಲಿ ಎಲ್ಲ ಮುಗಿಸಿಬಿಟ್ಟಿದ್ದರು. ಬಾಗಿಲಲ್ಲಿಯೇ ಮಗಳು, "ಸಮುದ್ರ ನೋಡೂದು ಆತೇನವ್ವಾ? ಅಪ್ಪನ ಮಾರಿ ಒಂದ ನೋಡೂದು ಉಳೀತು" ಎಂದಳು. ದುಃಖದಲ್ಲಿ ಆಡಿದ ಮಾತು. ಓಣಿಯವರು ಮಾತ್ರ ಅದನ್ನು ಎತ್ತಿಕೊಂಡು ತಿಂಗಳುಗಟ್ಟಲೆ ಆಡಿದರು. ಗಂಡ ಜೀವ ಬಿಡುವಾಗ ಇವಳು ನೀರಾಟಕ್ಕೆ ಹೋಗಿದ್ದಳಂತೆ ಎಂದು. ಕರೆದುಕೊಂಡು ಹೋದವಳು ನಾನು. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ.

ವೈನಿ ಮೊದಲಿನ ಹಾಗೆಯೇ ನನ್ನ ಜೊತೆ ಮಾತಾಡುತ್ತಿದ್ದರು. ಮಾಡಿದ ಪಲ್ಯ ಕೊಡುತ್ತಿದ್ದರು. ದ್ವೀಪದ ಸುದ್ದಿ ಮಾತ್ರ ಒಮ್ಮೆಯೂ ಎತ್ತಲಿಲ್ಲ. ನನಗೆ ಮೊದಲೇ ತಿಳಿದಿತ್ತು ಎಂಬುದನ್ನು ಹೇಳಲು ನಾನೂ ಎಷ್ಟೋ ಸಲ ಬಾಯಿ ತೆರೆದು, ಅಡುಗೆಯದೋ ಹವೆಯದೋ ಮಾತಾಡಿ ಎದ್ದು ಬಂದಿದ್ದೇನೆ.

ಮಾಸ್ತರರು ಹೋಗಿ ಎರಡು ವರ್ಷಗಳಾದ ಮೇಲೆ ಒಂದು ಶುಕ್ರವಾರ ವೈನಿ, ನಾನು ಇಬ್ಬರೇ ಬನಶಂಕರಿಗೆ ಹೋಗಿದ್ದೆವು. ಮರಳುವಾಗ ಬಾದಾಮಿಯಲ್ಲಿ ಇಳಿದು ಹೊಂಡದ ಮೆಟ್ಟಿಲ ಮೇಲೆ ಕುಳಿತೆವು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕೆಂಪು ಬಂಡೆಗಳ ನೆರಳು ನೀರಿನಲ್ಲಿ ಅಲುಗುತ್ತಿತ್ತು. ಆ ದಿನ ಹೇಗೋ ಮಾತು ಹೊರಬಿತ್ತು.

"ವೈನಿ, ಅವತ್ತ ನೀವು ನೀರಾಗ ಇದ್ದಾಗನ ನನಗ ಗೊತ್ತಾಗಿತ್ರಿ."

ಅವರು ನನ್ನತ್ತ ತಿರುಗಲಿಲ್ಲ. "ನನಗೂ ಗೊತ್ತಾಗಿತ್ತು" ಎಂದರು.

ನಾನು ಅವರತ್ತ ತಿರುಗಿದೆ.

"ಚಹಾ ತರ್ತೇನಂತ ಹೋದಾಕಿ ಬರಿಗೈಲೆ ಬಂದಿ. ಸಮುದ್ರಕ್ಕ ಅಂಜಾಕಿ, ಸೀರಿ ಉಟಕೊಂಡ ನೀರಿಗೆ ಇಳದಿ.  ನಾ ಏನು ಸಣ್ಣ ಹುಡುಗಿ ಏನು ತಂಗಿ, ತಿಳೀಲಾರದಂಗ ಇರಾಕ?"

"ಮತ್ತ ಯಾಕ ಕೇಳಲಿಲ್ರಿ?"

"ಕೇಳಿದ್ರ ನೀ ಹೇಳ್ತಿದ್ದಿ."

ಒಗೆಯುವ ಕಲ್ಲಿನ ಸಪ್ಪಳ ಬಂಡೆಗೆ ಬಡಿದು ಮರಳಿ ಬರುತ್ತಿತ್ತು. ಅವರೇ ಮುಂದುವರಿಸಿದರು. "ಇನ್ನೊಂದು ತೆರಿ ಬರ್ಲಿ, ಅದು ಹೋದ ಮ್ಯಾಲ ಕೇಳೂಣು ಅಂತ ನಿಂತೆ. ಅದು ಹೋತು. ಮತ್ತೊಂದು ಬರ್ಲಿ ಅಂದೆ. ಇಷ್ಟ ವರ್ಷ ಅವರಿಗೆ ಮಾಡೇನಿ, ಒಂದು ದಿನ ಬ್ಯಾಸರ ಮಾಡ್ಕೊಂಡಾಕಿ ಅಲ್ಲ ನಾ. ಆದ್ರ ಅವತ್ತ ನೀರು ಬಿಟ್ಟು ಬರಾಕ ಮನಸ ಆಗಲಿಲ್ಲ. ಹೋಳಿಗಿ ಸೈತ ಗಂಟಲಾಗ ಇಳೀಲಿಲ್ಲ ಅಂದ್ರ ಸುಳ್ಳ ಆಗತೈತಿ. ರುಚಿ ಹತ್ತಿತ್ತು... ಮಗಳ ಮುಂದ ಇದನ್ನ ಹೆಂಗ ಹೇಳ್ಲಿ?"

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ, "ಏಳು, ಬಸ್ಸಿಗೆ ಹೊತ್ತಾತು" ಎಂದರು. ನವನಗರ ಮುಟ್ಟುವವರೆಗೆ ನನ್ನ ಕೈ ಅವರ ಕೈಯಲ್ಲಿತ್ತು. ಆ ಮೇಲೆ ನಮ್ಮ ನಡುವೆ ಆ ಮಾತು ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಗೋಡೆಯ ಆಚೆ ಅದೇ ತಪ್ಪನ್ನು ಹೊತ್ತುಕೊಂಡ ಇನ್ನೊಬ್ಬರು ಇದ್ದಾರೆ ಎಂಬುದೇ ಸಾಕಾಗಿತ್ತು.

ಹೋದ ವರ್ಷ ಜ್ವರ ಬಂದು ಮಗಳ ಮನೆಗೆ ಹುನಗುಂದಕ್ಕೆ ಹೋದ ವೈನಿ ಮರಳಿ ಬರಲಿಲ್ಲ. ಸುದ್ದಿ ಬಂದ ಕೂಡಲೆ ನಾವಿಬ್ಬರೂ ಹೋದೆವು. ಮಗಳು ನನ್ನ ಕೊರಳಿಗೆ ಬಿದ್ದು, "ಅವ್ವಗ ನಾ ಹಂಗ ಅನಬಾರದಿತ್ರಿ ಟೀಚರ. ಆಕೀಗೆ ಪಾಪ ಏನ ಗೊತ್ತಿತ್ತು" ಎಂದು ಗೋಳಾಡಿದಳು.  "ಇಲ್ಲವ್ವಾ, ಆಕೀಗೆ ಏನೂ ಗೊತ್ತಿರಲಿಲ್ಲ" ಎಂದೆ. ವೈನಿಯ ಹಣೆಯ ಮೇಲೆ ವಿಭೂತಿ ಇತ್ತು, ತುಟಿ ಮುಚ್ಚಿದ್ದವು. ಈ ಸಲ ಮಾತ್ರ ಮಣ್ಣು ಮುಗಿಯುವವರೆಗೂ ಅಲ್ಲಿಯೇ ನಿಂತಿದ್ದೆ.

ಪಕ್ಕದ ಮನೆಯಲ್ಲೀಗ ಬೇರೆಯವರಿದ್ದಾರೆ. ಒಳ್ಳೆಯ ಜನ. ನಮ್ಮವರು ಟಿವಿಯಲ್ಲಿ ಎಲ್ಲಿಯಾದರೂ ಸಮುದ್ರ ಕಂಡರೆ ಸುಮ್ಮನೆ ಚಾನೆಲ್ ಬದಲಿಸುತ್ತಾರೆ, ನನ್ನ ಮುಖ ನೋಡುವುದಿಲ್ಲ. ಮೊನ್ನೆ ಇಳಕಲ್ಲಿನಿಂದ ಬಂದ ಸಂಜೆ ಮೊದಲ ಸಲ ನಾನು, "ಇರ್ಲಿ ಬಿಡ್ರಿ, ನೋಡೂಣು" ಎಂದೆ. ಅವರು ರಿಮೋಟ್ ಕೆಳಗಿಟ್ಟರು. ಯಾವುದೋ ದೇಶದ ದಂಡೆ, ಯಾರೋ ಹೆಂಗಸರು, ಒಂದರ ಹಿಂದೊಂದು ತೆರೆ. ಇಬ್ಬರೂ ನೋಡುತ್ತ ಕುಳಿತೆವು. ನಮ್ಮವರು, "ಅವತ್ತ ಅವರು ಭಾಳ ನಕ್ಕಿದ್ರಲ್ಲ?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ, ಭಾಳ ನಕ್ಕಿದ್ರು" ಎಂದೆ.