ಒಣಗದ ಸಂಡಿಗೆಯ ಶನಿವಾರಗಳು

ಏಪ್ರಿಲ್ ಬಂತೆಂದರೆ ಸಾಕು, ನಮ್ಮ ಅಣ್ಣನಿಗೆ ಬಾಲ್ಯ ನೆನಪಾಗುತ್ತದೆ. ಪುಣೆಯಲ್ಲಿ ಎ.ಸಿ. ಹಾಕಿಕೊಂಡು ಕುಳಿತು, ಮನೆಯವರೆಲ್ಲ ಇರುವ ಫೋನಿನ ಗುಂಪಿನಲ್ಲಿ ಬರೆಯುತ್ತಾನೆ: "ಆ ಬೇಸಿಗೆ ರಜೆ, ಆ ಶನಿವಾರದ ಬೆಳಗು, ಬಾರಾನಗರದ ಆ ತಾರಸಿ, ಅವ್ವನ ಸಂಡಿಗೆ. ಆ ದಿನಗಳು ಮತ್ತೆ ಬಂದಾವೇ?" ಕೂಡಲೇ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯಿಂದ ಕಾಕಾ, ಕಾಕು, ಅವರ ಮಕ್ಕಳು ಎಲ್ಲರೂ ಕೈಮುಗಿಯುವ ಚಿತ್ರ, ಕಣ್ಣೀರಿನ ಚಿತ್ರ ಕಳಿಸುತ್ತಾರೆ. ನಾನು ಓದಿ ಫೋನನ್ನು ದಿವಾನದ ಮೇಲೆ ಎಸೆಯುತ್ತೇನೆ. ಆ ತಾರಸಿಯ ಮೇಲೆ ಅವನು ಒಂದೇ ಒಂದು ಶನಿವಾರವೂ ಕುಳಿತವನಲ್ಲ. ಕುಳಿತವಳು ನಾನು.

ಇದನ್ನು ಅವ್ವ ಒಮ್ಮೆಯಾದರೂ ತನ್ನ ಬಾಯಿಂದ ಒಪ್ಪಿಕೊಳ್ಳಲಿ ಎಂಬುದು ನನ್ನ ಬಹಳ ವರ್ಷಗಳ ಆಸೆ. ಐವತ್ತರ ಹತ್ತಿರ ಬಂದವಳಿಗೆ ಇಂಥ ಆಸೆ ಶೋಭಿಸುವುದಿಲ್ಲ ಎಂದು ನನಗೂ ಗೊತ್ತು. ಆದರೂ ಇದೆ, ಏನು ಮಾಡಲಿ?

ಅಪ್ಪನಿಗೆ ಕೇಂದ್ರ ಸರ್ಕಾರದ ನೌಕರಿ. ಧಾರವಾಡದಿಂದ ಕಲ್ಕತ್ತೆಗೆ ವರ್ಗವಾಗಿ ಬಂದು, ಅಲ್ಲಿನ ಬಾರಾನಗರದಲ್ಲಿ ಒಂದು ಹಳೆಯ ಮನೆಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದ. ಕೆಳಗೆ ಮನೆಯ ಒಡತಿ. ಅವರನ್ನು ಎಲ್ಲರಂತೆ ನಾವೂ ಮಾಶಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ತಾರಸಿ ಅವರದು. ವಾರವಿಡೀ ಅವರ ಬಟ್ಟೆ, ಹಾಸಿಗೆ, ಉಪ್ಪಿನಕಾಯಿ ಜಾಡಿಗಳು ಅಲ್ಲಿರುತ್ತಿದ್ದವು. ಶನಿವಾರ ಮಾತ್ರ ನಮಗೆ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ನನ್ನ ಶನಿವಾರ ಮುಗಿದಂತೆಯೇ ಆಯಿತು.

ಯುಗಾದಿ ಮುಗಿದ ಕೂಡಲೇ ಸಂಡಿಗೆ ಹಾಕಬೇಕು ಎನ್ನುವುದು ಅವ್ವ ತವರಿನಿಂದ ತಂದ ಲೆಕ್ಕ. ಧಾರವಾಡದ ಬಿಸಿಲಿಗೆ ಅದು ಸರಿ. ಅಲ್ಲಿ ಬೆಳಿಗ್ಗೆ ಹಾಕಿದ್ದು ಮರುದಿನ ಸಂಜೆಗೆ ಗಲಗಲ ಎನ್ನುತ್ತದೆ. ಕಲ್ಕತ್ತೆಯ ಬೇಸಿಗೆ ಹಾಗಲ್ಲ. ಇಲ್ಲಿ ಬಿಸಿಲು ಒಣಗಿಸುವುದಿಲ್ಲ, ಬೇಯಿಸುತ್ತದೆ. ಮೈಮೇಲಿನ ಬೆವರೇ ಒಣಗದ ಊರಿನಲ್ಲಿ ಅಕ್ಕಿ ಹಿಟ್ಟು ಒಣಗೀತೇ? ಇಲ್ಲಿಯವರಿಗೆ ಇದು ಗೊತ್ತು. ಅವರು ಬೇಳೆ ರುಬ್ಬಿ ಹಾಕುವ ಬೋಡಿಯನ್ನು ಚಳಿಗಾಲದಲ್ಲಿ ಮಾಡುತ್ತಾರೆ, ಆಗ ಗಾಳಿ ಒಣಗಿರುತ್ತದೆ. ಮಾಶಿಮಾ ಪ್ರತಿ ವರ್ಷವೂ ಮೆಟ್ಟಿಲು ಹತ್ತಿ ಬಂದು, ಬೈಶಾಖದಲ್ಲಿ ಯಾಕಮ್ಮ ಈ ಹೋರಾಟ, ಪೌಷದಲ್ಲಿ ಮಾಡು ಎಂದು ಹೇಳುತ್ತಿದ್ದರು. ಅವ್ವನಿಗೆ ಬಂಗಾಳಿ ಬರುತ್ತಿರಲಿಲ್ಲ. ನಾನೇ ಅದನ್ನು ಕನ್ನಡಕ್ಕೆ ತಂದು ಹೇಳಬೇಕು.

"ಥಂಡ್ಯಾಗ ಯಾರರ ಸಂಡಿಗಿ ಹಾಕ್ತಾರೇನ? ನಕ್ಕಾರು ಮಂದಿ," ಎನ್ನುತ್ತಿದ್ದಳು ಅವ್ವ.

ಯಾವ ಮಂದಿ? ಬಾರಾನಗರದಲ್ಲಿ ನಗಲು ಧಾರವಾಡದವರು ಯಾರಿದ್ದರು?

ಶುಕ್ರವಾರ ಅಕ್ಕಿ ನೆನೆಯುವುದು. ಶನಿವಾರ ನಸುಕಿನಲ್ಲಿ ಹಿಟ್ಟು ಕುದಿಸುವುದು, ಜೀರಿಗೆ, ಹಸಿಮೆಣಸಿನಕಾಯಿ, ಇಂಗಿನ ವಾಸನೆಗೆ ನನಗೆ ಎಚ್ಚರವಾಗುವುದು. ಅಪ್ಪ ದೊಡ್ಡ ಪಾತೇಲಿಯನ್ನು ಮೇಲೆ ಹೊತ್ತು ತಂದಿಟ್ಟು, ತನ್ನ ಕೆಲಸ ಮುಗಿಯಿತು ಎಂದು ಇಳಿದುಹೋಗುವನು. ಹಳೆಯ ಧೋತರ ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು, ಅವ್ವ ಚಮಚದಿಂದ ಸಾಲುಸಾಲಾಗಿ ಹಿಟ್ಟು ಇಡುವಳು. ಆಮೇಲೆ ನನ್ನ ಕೈಗೆ ಕೋಲು. ಕಲ್ಕತ್ತೆಯ ಕಾಗೆಗಳ ವಿಷಯ ಗೊತ್ತಿಲ್ಲದವರು ಈ ಕೆಲಸವನ್ನು ಹಗುರವಾಗಿ ಕಾಣಬಹುದು. ಅವು ಹೆದರುವುದಿಲ್ಲ. ಕೋಲೆತ್ತಿದರೆ ಎರಡು ಹೆಜ್ಜೆ ಹಿಂದೆ ಕುಪ್ಪಳಿಸಿ, ಮುಖ ನೋಡುತ್ತ ನಿಲ್ಲುತ್ತವೆ. ಬೆಳಿಗ್ಗೆ ಎಂಟರಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕಿತ್ತು.

ಇನ್ನು ಅಣ್ಣ. ಶನಿವಾರ ಗಂಡಸರು ಎಣ್ಣೆ ಹಚ್ಚಿ ಎರೆದುಕೊಳ್ಳುವ ದಿನ. ಎರೆದುಕೊಂಡವರು ಬಿಸಿಲಿಗೆ ಹೋಗಬಾರದು, ಹೋದರೆ ಜ್ವರ ಬರುತ್ತದೆ ಎಂದು ಅವ್ವನ ನಂಬಿಕೆ. "ಅಂವಾ ಎರಕೊಂಡಾನವಾ, ಅವನ ಕರಿಬ್ಯಾಡ," ಎಂದು ಅವನಿಗೆ ಸಂಡಿಗೆಯಿಂದ ಪೂರ್ತಿ ಮಾಫಿ. ಅವನು ತಲೆ ಒರೆಸಿಕೊಂಡು, ಬಿಸಿ ದೋಸೆ ತಿಂದು, ಅರ್ಧ ಗಂಟೆ ಮಲಗಿದಂತೆ ಮಾಡಿ, ಹತ್ತು ಹೊಡೆಯುವುದರೊಳಗೆ ನಮ್ಮ ಓಣಿಯ ಕ್ಲಬ್ಬಿನ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ. ಅದೇ ಬಿಸಿಲು. ಅದೇ ತಲೆ. ಮೇಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಅವನಿಗೆ ಒಮ್ಮೆಯೂ ಜ್ವರ ಬರಲಿಲ್ಲ.

ಅವ್ವ ನನ್ನ ಜೊತೆ ತಾರಸಿಯ ಮೇಲೆಯೇ ಇರುತ್ತಿದ್ದಳು ಎಂಬುದನ್ನೂ ಹೇಳಬೇಕು. ನೀರಿನ ಟಾಕಿಯ ನೆರಳಿನಲ್ಲಿ ಕುಳಿತು ಮೊರದಲ್ಲಿ ಏನಾದರೂ ಹಸನು ಮಾಡುತ್ತ ಮಾತಾಡುತ್ತಿದ್ದಳು. ಬಾಯಿಗೆ ಬಿಡುವೇ ಇಲ್ಲ. ಅವಳ ಅಕ್ಕನ ಮದುವೆಯಲ್ಲಿ ಬೀಗರು ಮುನಿಸಿಕೊಂಡದ್ದು, ಶಾಲೆಯಲ್ಲಿ ಮಾಸ್ತರರು ಅವಳ ಅಕ್ಷರ ಹೊಗಳಿದ್ದು, ಓಣಿಯ ಯಾವಳೋ ಸೊಸೆ ಯಾವಾಗಲೋ ಅಂದ ಮಾತು. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ನಾನು ಮೈದಾನದತ್ತ ನೋಡುತ್ತ 'ಹೂಂ' ಎನ್ನುತ್ತಿದ್ದೆ. ಹೂಂ ಅನ್ನದಿದ್ದರೆ ಅವಳು ಮೊದಲಿನಿಂದ ಹೇಳುತ್ತಿದ್ದಳು.

ಸಂಡಿಗೆ ಒಂದು ಸಲವಾದರೂ ಒಣಗಿತೇ? ಇಲ್ಲ. ಮೇಲೆ ಒಂದು ಪದರ ಬಿಗಿಯುತ್ತಿತ್ತು, ಕೆಳಗೆ ಅಂಟು ಅಂಟು. ಸಂಜೆ ಕಾಲಬೈಶಾಖಿ ಎಂಬ ಬೇಸಿಗೆಯ ಬಿರುಮಳೆಯ ಮೋಡ ಕಟ್ಟಿತೆಂದರೆ ಧೋತರ ಸುತ್ತಿಕೊಂಡು ಓಡಬೇಕು. ಅಲ್ಲಿಗೆ ಎಲ್ಲ ಮುದ್ದೆ. ಮಳೆ ಬಾರದಿದ್ದರೆ ಸೋಮವಾರ ಹಸಿರು ಬೂಷ್ಟು. ಅವ್ವ ತೆಗೆದು ಚೆಲ್ಲುವಳು, ಮುಂದಿನ ಶುಕ್ರವಾರ ಮತ್ತೆ ಅಕ್ಕಿ ನೆನೆಯುವುದು. ಅಣ್ಣ ಈಗ ನೆನೆಸಿ ನೆನೆಸಿ ಬರೆಯುವ ಕರುಮ್ ಕುರುಮ್ ಸಂಡಿಗೆ ಇದೆಯಲ್ಲ, ಅದು ಧಾರವಾಡದ ಕಾಕು ಊರಿನಿಂದ ಬರುವವರ ಕೈಯಲ್ಲಿ ಡಬ್ಬಿ ತುಂಬಿ ಕಳಿಸುತ್ತಿದ್ದದ್ದು. ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಲು ಅವನು ಮೇಲೆ ಬಂದಿದ್ದರೆ ತಾನೇ?

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಶನಿವಾರ ಆ ಮೈದಾನದಲ್ಲಿ ಮಕ್ಕಳ ಚಿತ್ರ ಸ್ಪರ್ಧೆ ಇತ್ತು. ಬಟ್ಟೆಯ ಪೆಂಡಾಲಿನ ಕೆಳಗೆ ಸಾಲಾಗಿ ಕುಳಿತು ಬರೆಯುವುದು. ಶಾಲೆಯ ಡ್ರಾಯಿಂಗ್ ಟೀಚರು ತಾವಾಗಿ ನನ್ನ ಹೆಸರು ಕೊಟ್ಟಿದ್ದರು. ನಾನು ಆ ಶಾಲೆಗೆ ಬಂದ ಮೇಲೆ ಯಾರಾದರೂ ನನ್ನನ್ನು ಯಾವುದಕ್ಕಾದರೂ ಆರಿಸಿದ್ದು ಅದೇ ಮೊದಲು. ವಾರವಿಡೀ ಅವ್ವನಿಗೆ ಹೇಳಿದೆ. "ಆತು, ನೋಡೂಣು," ಎಂದಳು. ಶನಿವಾರ ಬೆಳಿಗ್ಗೆ ಕೋಲು ಕೊಟ್ಟಳು. ಒಂಬತ್ತಕ್ಕೆ ಮೈಕಿನಲ್ಲಿ ಹೆಸರು ಕೂಗತೊಡಗಿದರು. ನಾನು ಬಣ್ಣದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಾಗೆ ಓಡಿಸುತ್ತಿದ್ದೆ. ಟೀಚರು ನಮ್ಮ ಮನೆ ಹುಡುಕಿಕೊಂಡು ಎರಡು ಮಾಳಿಗೆ ಹತ್ತಿ ಏದುಸಿರು ಬಿಡುತ್ತ ಬಂದರು. ಅವರು ಅಂದದ್ದನ್ನು ನಾನೇ ಅವ್ವನಿಗೆ ಕನ್ನಡದಲ್ಲಿ ಹೇಳಬೇಕಾಯಿತು.

"ಹನ್ನೊಂದಕ್ಕ ಕಳಸ್ತೀನಿ ಅಂತ ಹೇಳು," ಎಂದಳು ಅವ್ವ.

ಹನ್ನೊಂದಕ್ಕೆ ಸ್ಪರ್ಧೆ ಮುಗಿಯುತ್ತಿತ್ತು. ಅದನ್ನೂ ಹೇಳಿದೆ. ಅವ್ವ ಮೊರದಿಂದ ತಲೆ ಎತ್ತಲಿಲ್ಲ. ಟೀಚರು ಹೋದರು, ಮತ್ತೆಂದೂ ನನ್ನ ಹೆಸರು ಕೊಡಲಿಲ್ಲ. ಸಂಜೆ ಮಳೆ ಬಂದು ಸಂಡಿಗೆಯೂ ಹೋಯಿತು. ನಾನು ಬಣ್ಣದ ಡಬ್ಬಿಯನ್ನು ಕಪಾಟಿನ ಮೇಲೆ ಎಸೆದವಳು ಮತ್ತೆ ತೆಗೆಯಲಿಲ್ಲ. ತೆಗೆದಿದ್ದರೆ ದೊಡ್ಡ ಕಲಾವಿದೆ ಆಗುತ್ತಿದ್ದೆ ಎಂದು ನಾನೇನೂ ಹೇಳುವುದಿಲ್ಲ. ಆದರೆ ಹೋಗಬೇಕಿತ್ತು. ನನ್ನನ್ನು ಕಳಿಸಬೇಕಿತ್ತು.

ಅಪ್ಪ ಹೋಗಿ ವರ್ಷಗಳಾದವು. ಅವ್ವ ಈಗ ವಿಮಾನ ನಿಲ್ದಾಣದ ಹತ್ತಿರ, ಡಮ್ ಡಮ್‌ನ ನನ್ನ ಫ್ಲ್ಯಾಟಿನಲ್ಲಿ ಇದ್ದಾಳೆ. ನಾನು ಒಬ್ಬಳೇ ಇರುವವಳು. ಬಂಗಾಳಿ ಬಾರದ ಆ ಹೆಂಗಸು ಈಗ ಗರಿಯಾಹಾಟ್ ಪೇಟೆಗೆ ಹೋದರೆ ಸೀರೆಯಂಗಡಿಯವನನ್ನು ಬಂಗಾಳಿಯಲ್ಲೇ ಸುಸ್ತು ಮಾಡಿ ಬರುತ್ತಾಳೆ. ಈ ಮೇ ತಿಂಗಳಿನಲ್ಲಿ ಅಣ್ಣ ತನ್ನ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದ. ಬರುವ ಮೊದಲೇ ಫೋನಿನಲ್ಲಿ ಅಪ್ಪಣೆಯಾಗಿತ್ತು: "ಶನಿವಾರ ಸಂಡಿಗಿ ಹಾಕೂಣು. ನನ್ನ ಮಗಳೂ ಆ ಮಜಾ ನೋಡ್ಲಿ." ನಾನು ಹಲ್ಲು ಕಚ್ಚಿಕೊಂಡು ಅಕ್ಕಿ ತಂದೆ.

ಶನಿವಾರ ಆರಕ್ಕೇ ನಮ್ಮ ಕಟ್ಟಡದ ತಾರಸಿಗೆ ಹೋದೆವು. ಹಿಟ್ಟು ಕುದಿಸಿದವಳು ನಾನು, ಹೊತ್ತು ತಂದವಳು ನಾನು. ಅವ್ವ ಕುರ್ಚಿಯಲ್ಲಿ ಕುಳಿತು ಉಪ್ಪು ಕಡಿಮೆ ಎಂದಳು. ಅಣ್ಣ ನಾಲ್ಕು ಚಮಚ ಹಾಕಿ, ಹದಿನಾರು ಫೋಟೊ ತೆಗೆದು, "ಆಹಾ" ಎಂದ. ಆಮೇಲೆ ಅವ್ವ, "ಶನಿವಾರ ಐತಿ, ಎಣ್ಣಿ ಹಚ್ಚಿ ಎರಕೋ ಹೋಗಪಾ," ಎಂದಳು. ಐವತ್ತು ದಾಟಿದವನು ಕುಣಿಯುತ್ತ ಇಳಿದುಹೋದ. ಎಂಟೂವರೆಗೆ ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲ ಬಾಗಿಲಲ್ಲಿ ಕಾಣಿಸಿಕೊಂಡ. ಮಗಳ ಕೈಗೆ ಕೋಲು ಕೊಟ್ಟು, "ನೀ ಇಲ್ಲೇ ಕುಂಡ್ರು ಪುಟ್ಟಾ, ಕಾಗಿ ಓಡಸು. ಭಾರಿ ಮಜಾ ಇರತೈತಿ," ಎಂದ. ಹುಡುಗಿಯ ಮುಖ ಬಾಡಿತು. ಅವತ್ತು ಬೆಳಿಗ್ಗೆ ಹೊಳೆಯ ಕೆಳಗೆ ಓಡುವ ಮೆಟ್ರೋ ತೋರಿಸುವುದಾಗಿ ಅವನು ಮಾತು ಕೊಟ್ಟಿದ್ದ.

"ಪಪ್ಪಾ, ನೀವು ಪ್ರಾಮಿಸ್ ಮಾಡಿದ್ರಿ," ಎಂದಿತು ಮಗು.

"ಹನ್ನೊಂದರ ಮ್ಯಾಲ ಹೋಗೂಣು."

ಆ 'ಹನ್ನೊಂದು' ಕೇಳಿದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. ಕೋಲು ಕಿತ್ತುಕೊಂಡೆ. "ಈಗ ಕರಕೊಂಡ ಹೋಗು. ಈಗಿಂದೀಗ. ಒಂದ ದಿನಾನೂ ಮ್ಯಾಲ ಕುಂತಿಲ್ಲ ನೀ, ಸಂಡಿಗಿ ಬಗ್ಗೆ ಪುರಾಣ ಬರೀತಿ! ಆ ಕೂಸಿನ ಹಾದಿಗೆ ಅಡ್ಡ ಬಂದ್ರ ನೋಡು," ಎಂದು ಕೂಗಿದೆ. ನೀರಿನ ಟಾಕಿಯ ಹಿಂದೆ ಬಟ್ಟೆ ಹರವುತ್ತಿದ್ದ ಕೆಳಮನೆಯಾಕೆ ಬಕೆಟ್ ಬಿಟ್ಟು ಇಳಿದುಹೋದಳು. ಅಣ್ಣ ನನ್ನ ಮುಖ ನೋಡಿ, ಮಗಳ ಕೈ ಹಿಡಿದು ನಡೆದ. ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರುವುದು ಕೇಳಿಸಿತು.

ಉಳಿದವರು ನಾನು, ಅವ್ವ, ಕಾಗೆಗಳು. ವಿಮಾನವೊಂದು ತಲೆಯ ಮೇಲೆಯೇ ಇಳಿದಂತೆ ಹೋಯಿತು. ಸದ್ದು ಅಡಗಿದ ಮೇಲೆ ಕೇಳಿದೆ:

"ಈ ಊರಾಗ ಸಂಡಿಗಿ ಒಣಗೂದಿಲ್ಲಂತ ನಿನಗ ಯಾವಾಗ ತಿಳೀತು?"

"ಮೊದಲನೇ ವರ್ಷನ ತಿಳೀತು," ಎಂದಳು ಅವ್ವ, ಹವಾಮಾನದ ಸುದ್ದಿ ಹೇಳಿದಂತೆ.

"ಮತ್ತ? ಅಷ್ಟ ವರ್ಷ ಯಾಕ ಹಾಕಿದಿ?"

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಿಮ್ಮಪ್ಪ ಮನಿಗೆ ಬಂದ್ರ ಬಾಯಿ ಬಿಡತಿದ್ದಿಲ್ಲ. ನಿಮ್ಮಣ್ಣ ಹೊರಗ ಹುಡುಗೂರ ಜೋಡಿ. ನೀನೂ ಕೆಳಗ ಹೋದ್ರ ಆ ಹುಡುಗ್ಯಾರ ಜೋಡಿ ಬಂಗಾಲಿ. ನನಗ ಮಂದಿ ಮಾತ ತಿಳೀತಿದ್ದಿಲ್ಲ. ವಾರಕ್ಕೊಂದ ದಿನ ಕಾಗಿ ಕಾಯಾಕ ಕುಂಡ್ರಸಿದ್ರ ನೀ ನನ್ನ ಬಾಜೂಕ ಇರತಿದ್ದಿ. ಅವತ್ತೊಂದ ದಿನ ಬಾಯಿ ತುಂಬ ಕನ್ನಡ ಮಾತಾಡತಿದ್ದೆ."

"ಆ ಚಿತ್ರದ ದಿನ?"

"ಅವತ್ತೂ ಒಣಗೂದಿಲ್ಲಂತ ಗೊತ್ತಿತ್ತು. ನೀ ಹೋದ್ರ ಬಹುಮಾನ ತರತಿ, ಮುಂದಿನ ವಾರಾನೂ ಹೋಗತಿ ಅನಸ್ತು. ಅಂಜಿಕಿ ಬಂತು. ತಪ್ಪ ನಂದ ಐತಿ."

ಇಷ್ಟು ವರ್ಷ ಕಾದಿದ್ದ ಮಾತು ಸಿಕ್ಕಿತು. ಸಿಕ್ಕ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ. ಬೈಯಬೇಕೆಂದು ಕೂಡಿಹಾಕಿಕೊಂಡಿದ್ದದ್ದು ಒಂದೂ ಬಾಯಿಗೆ ಬರಲಿಲ್ಲ, ಅದಕ್ಕೂ ಸಿಟ್ಟು ಬಂತು.

"ಇದನ್ನ ಅವತ್ತ ಹೇಳಾಕ ಏನಾಗಿತ್ತು ನಿನಗ?"

"ಹತ್ತ ವರ್ಷದಾಕಿಗೆ ಏನಂತ ಹೇಳಲಿ?"

ಅವಳು ಕೈ ಚಾಚಿ ನನ್ನ ಕೈಯಿಂದ ಕೋಲು ತೆಗೆದುಕೊಂಡಳು. "ಬಿಸಲ ಏರೇತಿ. ನೀ ಕೆಳಗ ಹೋಗು. ಶನಿವಾರ ಐತಿ, ಆರಾಮ ಮಾಡು. ಕಾಗಿ ನಾ ನೋಡ್ಕೋತೀನಿ."

ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತೆ. ಕಣ್ಣು ಒರೆಸಿಕೊಂಡದ್ದು ಅವಳಿಗೆ ಕಾಣದಿರಲೆಂದು ಸಂಡಿಗೆಯತ್ತ ಮುಖ ತಿರುಗಿಸಿದೆ.

"ಹೋಗವಾ ಅಂದೆ," ಎಂದಳು.

"ಹೋಗೂದಿಲ್ಲ," ಎಂದು ಗದರಿದೆ. "ನಾ ಹೋದ್ರ ಯಾರ ಜೋಡಿ ಮಾತಾಡತಿ, ಕಾಗಿ ಜೋಡಿ?"